ಎಷ್ಟು ತಪ್ಪಿದರೆ ನಡೆಯುತ್ತದೆ? ಜಾಗವನ್ನು 3ಡಿಯಲ್ಲಿ ಅಳೆಯುವ ಫೋನ್, ಸ್ಕ್ಯಾನರ್‌ಗಳ ಹೋಲಿಕೆ

ಅಡುಗೆಮನೆಗೆ ಕ್ಯಾಬಿನೆಟ್ ಕೂರಿಸುವವರ ಅಳತೆ 5 ಮಿ.ಮೀ. ತಪ್ಪಿದರೂ ಬಾಗಿಲು ಗೋಡೆಗೆ ತಾಗುತ್ತದೆ. ಬಾಡಿಗೆ ಮನೆಯ ನಕ್ಷೆಯಲ್ಲಿ 5 ಸೆಂ.ಮೀ. ಹೆಚ್ಚುಕಮ್ಮಿಯಾದರೆ ಯಾರಿಗೂ ತೊಂದರೆಯಿಲ್ಲ. ಸವೆದ ಶಾಸನದ ಅಕ್ಷರ ಓದಬೇಕಾದವರಿಗೆ ಅರ್ಧ ಮಿಲಿಮೀಟರೂ ಮುಖ್ಯ. ಮೂವರೂ ಅಂಗಡಿಯಲ್ಲಿ ಕೇಳುವುದು ಮಾತ್ರ ಒಂದೇ ಪ್ರಶ್ನೆ: 3ಡಿ ಸ್ಕ್ಯಾನಿಗೆ ಯಾವ ಫೋನ್ ಒಳ್ಳೆಯದು? ಅದಕ್ಕೆ ಒಂದೇ ಉತ್ತರ ಸಿಗುವುದಿಲ್ಲ. ಎಷ್ಟು ತಪ್ಪಿದರೆ ನಿಮ್ಮ ಕೆಲಸ ಕೆಡುತ್ತದೆ, ಅಳೆಯಬೇಕಾದದ್ದು ಎಷ್ಟು ದೊಡ್ಡದು, ಈ ಎರಡು ಗೊತ್ತಿದ್ದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ.

ಇಲ್ಲಿ ಹೋಲಿಸುತ್ತಿರುವುದು ನಾಲ್ಕು ದಾರಿಗಳನ್ನು: ಲಿಡಾರ್ (ಬೆಳಕು ಬಿಟ್ಟು ದೂರ ಅಳೆಯುವ ಸೆನ್ಸರ್) ಇರುವ ಐಫೋನ್ ಪ್ರೊ ಮತ್ತು ಐಪ್ಯಾಡ್ ಪ್ರೊ, ಬರೀ ಕ್ಯಾಮೆರಾದಿಂದ ಆಳ ಊಹಿಸುವ ಆಂಡ್ರಾಯ್ಡ್ ಫೋನ್, ಫೋಟೋಗಳಿಂದ ಮಾದರಿ ಕಟ್ಟುವ ಫೋಟೋಗ್ರಾಮೆಟ್ರಿ, ಕೈಯಲ್ಲಿ ಹಿಡಿದು ನಡೆಯುವ ವೃತ್ತಿಪರ ಲೇಸರ್ ಸ್ಕ್ಯಾನರ್. ಅವಸರದಲ್ಲಿ ಇರುವವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕೋಣೆಗೆ ಲಿಡಾರ್, ಕೆತ್ತನೆಗೆ ಫೋಟೋ, ಇಡೀ ಕಟ್ಟಡಕ್ಕೆ ಕೈ ಸ್ಕ್ಯಾನರ್. ಮಿಲಿಮೀಟರ್ ಲೆಕ್ಕದ ಮರಗೆಲಸಕ್ಕೆ ಇವು ಯಾವುದೂ ಬೇಡ, ಟೇಪು ಅಥವಾ ಲೇಸರ್ ಮೀಟರ್ ಹಿಡಿಯಿರಿ.

ಯಂತ್ರಕ್ಕೆ ದೂರ ತಿಳಿಯುವುದು ಹೇಗೆ

ಲಿಡಾರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಟ್ಟು, ಅದು ಮರಳಿ ಬರಲು ಹಿಡಿಯುವ ಹೊತ್ತನ್ನು ಎಣಿಸುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂ.ಮೀ. ಸಾಗುತ್ತದೆ. 5 ಮೀಟರ್ ಆಚೆಯ ಗೋಡೆಗೆ ಹೋಗಿ ಬರಲು ಅದಕ್ಕೆ 33 ನ್ಯಾನೋಸೆಕೆಂಡ್ ಸಾಕು. 1 ಸೆಂ.ಮೀ. ವ್ಯತ್ಯಾಸ ಗುರುತಿಸಬೇಕಾದರೆ 67 ಪಿಕೋಸೆಕೆಂಡಿನಷ್ಟು ಸಣ್ಣ ಅಂತರವನ್ನು ಎಣಿಸಬೇಕು. ಜೇಬಿನಲ್ಲಿ ಇಡುವ ಸಾಧನ ಇಷ್ಟು ಮಾಡುವುದೇ ದೊಡ್ಡದು, ಅದರಿಂದ ಮಿಲಿಮೀಟರ್ ನಿರೀಕ್ಷಿಸಬಾರದು.

ಕ್ಯಾಮೆರಾ ನಂಬಿದ ಫೋನಿನ ದಾರಿ ಬೇರೆ. ಒಂದು ಕಣ್ಣು ಮುಚ್ಚಿಕೊಂಡು ತಲೆಯನ್ನು ಆಚೀಚೆ ಆಡಿಸಿದರೆ ಹತ್ತಿರದ ಕಂಬ ಹೆಚ್ಚು ಸರಿದಂತೆ, ದೂರದ ಮರ ಕಡಿಮೆ ಸರಿದಂತೆ ಕಾಣುತ್ತದಲ್ಲ, ಅದೇ ಲೆಕ್ಕ. ಆದ್ದರಿಂದ ನಿಂತಲ್ಲೇ ಗಿರಕಿ ಹೊಡೆದರೆ ಇದಕ್ಕೆ ಆಳ ಸಿಗುವುದಿಲ್ಲ, ಪಕ್ಕಕ್ಕೆ ಹೆಜ್ಜೆ ಇಡಲೇಬೇಕು. ಸುಣ್ಣ ಬಳಿದ ಖಾಲಿ ಗೋಡೆಯಲ್ಲಿ ಗುರುತು ಹಿಡಿಯಲು ಏನೂ ಇಲ್ಲದ ಕಾರಣ ಅಲ್ಲೂ ಸೋಲುತ್ತದೆ.

ಎಲ್ಲಕ್ಕೂ ಸಮಾನವಾದ ತೊಡಕು ಇನ್ನೊಂದಿದೆ. ಗೋಡೆ ಎಷ್ಟು ದೂರ ಎಂದು ತಿಳಿದರೆ ಸಾಲದು, ತಾನು ಎಲ್ಲಿದ್ದೇನೆ ಎಂಬುದೂ ಸಾಧನಕ್ಕೆ ಪ್ರತಿ ಕ್ಷಣ ಗೊತ್ತಿರಬೇಕು. ಕ್ಯಾಮೆರಾದ ಚಿತ್ರ ಮತ್ತು ಒಳಗಿನ ಚಲನೆಯ ಸೆನ್ಸರ್‌ಗಳನ್ನು ಕೂಡಿಸಿ ಅದು ತನ್ನ ಜಾಗವನ್ನು ಅಂದಾಜು ಮಾಡುತ್ತದೆ. ಕತ್ತಲಲ್ಲಿ ಹೆಜ್ಜೆ ಎಣಿಸುತ್ತಾ ನಡೆದ ಹಾಗೆ ಪ್ರತಿ ಹೆಜ್ಜೆಯ ಚೂರು ತಪ್ಪು ಮುಂದಿನದಕ್ಕೆ ಸೇರುತ್ತಾ ಹೋಗುತ್ತದೆ. ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಒಂದು ಕೋಣೆಯಲ್ಲಿ ಚೆನ್ನಾಗಿ ಅಳೆದ ಫೋನೇ ಉದ್ದನೆಯ ಓಣಿಯ ಕೊನೆಗೆ ಬರುವಷ್ಟರಲ್ಲಿ ಗೋಡೆಯನ್ನು ಓರೆ ಮಾಡಿರುತ್ತದೆ. ಶುರು ಮಾಡಿದ ಜಾಗಕ್ಕೆ ಮರಳಿ ಬಂದು ಅದೇ ಗುರುತುಗಳನ್ನು ಮತ್ತೆ ತೋರಿಸಿದರೆ, ಸೇರಿಕೊಂಡ ತಪ್ಪನ್ನು ತಂತ್ರಾಂಶ ಇಡೀ ದಾರಿಗೆ ಹಂಚಿ ಸರಿಪಡಿಸಬಲ್ಲದು.

ಲಿಡಾರ್ ಇರುವ ಆಪಲ್ ಸಾಧನಗಳು

2020ರ ಮಾರ್ಚ್‌ನಲ್ಲಿ ಐಪ್ಯಾಡ್ ಪ್ರೊಗೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಐಫೋನ್ 12 ಪ್ರೊಗೆ ಲಿಡಾರ್ ಬಂತು. ಅಂದಿನಿಂದ ಐಫೋನಿನಲ್ಲಿ ಅದು ಪ್ರೊ ಮತ್ತು ಪ್ರೊ ಮ್ಯಾಕ್ಸ್ ಮಾದರಿಗಳಿಗೆ ಮಾತ್ರ. ಹೊಸದೆಂದು ಸಾದಾ ಐಫೋನ್ 16 ಕೊಂಡರೆ ಲಿಡಾರ್ ಇರುವುದಿಲ್ಲ, ಹಳೆಯ 12 ಪ್ರೊದಲ್ಲಿ ಇರುತ್ತದೆ. ಸ್ಕ್ಯಾನ್ ಮಾಡುವುದೇ ಮುಖ್ಯ ಉದ್ದೇಶವಾದರೆ ಲಕ್ಷದ ಮೇಲೆ ಸುರಿಯದೆ, ಬ್ಯಾಟರಿ ಚೆನ್ನಾಗಿರುವ ಬಳಸಿದ 12 ಪ್ರೊ ಅಥವಾ 13 ಪ್ರೊ ಹುಡುಕುವುದು ಜಾಣತನ. ಐಪ್ಯಾಡ್‌ನ ಪರದೆ ದೊಡ್ಡದು, ಆದರೆ ಹತ್ತು ನಿಮಿಷ ಎತ್ತಿ ಹಿಡಿದರೆ ತೋಳು ಸೋಲುತ್ತದೆ. ಕೈ ನಡುಗಿದರೆ ಸ್ಕ್ಯಾನೂ ಕೆಡುತ್ತದೆ.

ಬಳಸಿದ ಫೋನ್ ಕೊಳ್ಳುವಾಗ ಲಿಡಾರ್ ಕೆಲಸ ಮಾಡುತ್ತಿದೆಯೇ ಎಂದು ಅಂಗಡಿಯಲ್ಲೇ ನೋಡಿ. ಹಿಂದಿನ ಕ್ಯಾಮೆರಾ ರಿಪೇರಿಯಾಗಿದ್ದರೆ ಫೋಟೋ ಸರಿಯಾಗಿ ಬಂದರೂ ಲಿಡಾರ್ ಸತ್ತಿರಬಹುದು. ಮೆಷರ್ ಆ್ಯಪ್ ತೆರೆದು ಎದುರು ನಿಂತವರನ್ನು ತಲೆಯಿಂದ ಕಾಲಿನವರೆಗೆ ಚೌಕಟ್ಟಿನೊಳಗೆ ತನ್ನಿ. ಅವರ ಎತ್ತರ ತಾನಾಗಿಯೇ ಗೆರೆಯ ಜೊತೆ ಮೂಡಬೇಕು. ಈ ಸೌಲಭ್ಯ ಲಿಡಾರ್ ಇರುವ ಸಾಧನದಲ್ಲಿ ಮಾತ್ರ ಇದೆ.

ಇದರ ಮಿತಿ ಎಲ್ಲಿದೆ ಎಂದು ತಿಳಿಯಲು ಒಂದು ಲೆಕ್ಕ ಸಾಕು. ಸೆನ್ಸರ್ ಬಿಡುವುದು 576 ಬೆಳಕಿನ ಚುಕ್ಕಿಗಳನ್ನು. ಆ್ಯಪ್‌ಗೆ ಸಿಗುವ ಆಳದ ಚಿತ್ರದಲ್ಲಿ ಮಾತ್ರ 256×192, ಅಂದರೆ 49,152 ಬಿಂದುಗಳಿರುತ್ತವೆ. ನಡುವಿನದನ್ನು ಬಣ್ಣದ ಕ್ಯಾಮೆರಾದ ಚಿತ್ರ ನೋಡಿ ತಂತ್ರಾಂಶ ತುಂಬಿರುತ್ತದೆ. ಎರಡೂವರೆ ಮೀಟರ್ ದೂರದ ಗೋಡೆಯ ಮೇಲೆ ನಿಜವಾದ ಚುಕ್ಕಿಗಳ ನಡುವೆ ಸುಮಾರು 8 ಸೆಂ.ಮೀ., ಹೆಚ್ಚುಕಡಿಮೆ ನಾಲ್ಕು ಬೆರಳಗಲ ಅಂತರವಿರುತ್ತದೆ. ಅದಕ್ಕಿಂತ ತೆಳುವಾದ ಪೈಪು, ಕಿಟಕಿಯ ಸರಳು, ಸ್ವಿಚ್ ಬೋರ್ಡಿನ ಅಂಚು ಇವೆಲ್ಲ ಮೊಂಡಾಗಿ, ದುಂಡಗೆ ಬರುವುದು ಇದರಿಂದಲೇ. ವ್ಯಾಪ್ತಿ ಸುಮಾರು 5 ಮೀಟರ್. ಕಲ್ಯಾಣ ಮಂಟಪದ ಎತ್ತರದ ಸೂರು ಅದಕ್ಕೆ ಎಟುಕುವುದಿಲ್ಲ.

ಐಪ್ಯಾಡ್ ಪ್ರೊ ಮತ್ತು ಐಫೋನ್ 12 ಪ್ರೊಗಳನ್ನು ಡೆನ್ಮಾರ್ಕ್‌ನ ಕಡಲ ತೀರದ ಕಡಿದಾದ ದಿಬ್ಬವೊಂದರಲ್ಲಿ ಪರೀಕ್ಷಿಸಿದ ಭೂವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಒಳ್ಳೆಯ ಅಳತೆಗೋಲು. 10 ಸೆಂ.ಮೀ.ಗಿಂತ ದೊಡ್ಡ ಬದಿಯುಳ್ಳ ಸಣ್ಣ ವಸ್ತುಗಳಲ್ಲಿ ತಪ್ಪು ಆಚೀಚೆ 1 ಸೆಂ.ಮೀ., 130 ಮೀಟರ್ ಉದ್ದದ ದಿಬ್ಬದಲ್ಲಿ ಆಚೀಚೆ 10 ಸೆಂ.ಮೀ. ಇವೆರಡರ ನಡುವಿನ ಹತ್ತು ಪಟ್ಟು ವ್ಯತ್ಯಾಸದಲ್ಲಿ ಡ್ರಿಫ್ಟ್‌ನ ಕೈವಾಡ ದೊಡ್ಡದು.

ಕೋಣೆಯ ನಕ್ಷೆಗಾಗಿ ಆಪಲ್ 2022ರಲ್ಲಿ ರೂಮ್‌ಪ್ಲಾನ್ ಎಂಬ ತಂತ್ರಾಂಶ ಕೊಟ್ಟಿತು, 2023ರಲ್ಲಿ ಹಲವು ಕೋಣೆಗಳನ್ನು ಜೋಡಿಸುವ ಸೌಲಭ್ಯ ಸೇರಿತು. ಹಲವು ಆ್ಯಪ್‌ಗಳು ಒಳಗೆ ಬಳಸುವುದು ಇದನ್ನೇ. ಗೋಡೆ, ಬಾಗಿಲು, ಕಿಟಕಿ, ಮಂಚ, ಮೇಜುಗಳನ್ನು ಗುರುತಿಸಿ ನೇರ ಗೆರೆಗಳ ಪೆಟ್ಟಿಗೆಗಳಾಗಿ ಕೊಡುತ್ತದೆ. ಆಪಲ್ ಹೇಳುವ ಮಿತಿಗಳು: ಕೋಣೆ ಸುಮಾರು 9×9 ಮೀಟರಿನೊಳಗೆ ಇರಬೇಕು, ಬೆಳಕು ಕನಿಷ್ಠ 50 ಲಕ್ಸ್ ಬೇಕು, ಒಂದು ಸ್ಕ್ಯಾನ್ 5 ನಿಮಿಷ ಮೀರಬಾರದು.

ನಮ್ಮ ಮನೆಗಳಲ್ಲಿ ಇದನ್ನು ಬಳಸುವವರು ತಪ್ಪದೆ ಎಡವುವುದು ಗೋಡೆಯ ದಪ್ಪದಲ್ಲಿ. ರೂಮ್‌ಪ್ಲಾನ್‌ಗೆ ಗೋಡೆ ಎಂದರೆ ದಪ್ಪವಿಲ್ಲದ ಹಾಳೆ. ಹೊರಗಿನಿಂದ 20×30 ಅಡಿ ಇರುವ ಮನೆ 600 ಚದರಡಿ, ಅಂದರೆ 6 ಚದರ. ಸುತ್ತಲಿನ ಗೋಡೆ 9 ಇಂಚಿನದಾದರೆ ಒಳಗೆ ಸಿಗುವುದು 18.5×28.5 ಅಡಿ, ಸುಮಾರು 527 ಚದರಡಿ. ಮುಕ್ಕಾಲು ಚದರದಷ್ಟು ವ್ಯತ್ಯಾಸ, ಒಳಗೋಡೆಗಳನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ! ಆ್ಯಪ್ ತೋರಿಸಿದ ವಿಸ್ತೀರ್ಣವನ್ನು ಹಾಗೆಯೇ ಹಿಡಿದು ಮೇಸ್ತ್ರಿಯ ಬಳಿಯೋ ಕೊಳ್ಳುವವರ ಬಳಿಯೋ ಮಾತಾಡಿದರೆ ಜಗಳ ಖಚಿತ. ಪ್ರತಿ ಬಾಗಿಲ ಚೌಕಟ್ಟಿನ ಬಳಿ ಗೋಡೆಯ ದಪ್ಪವನ್ನು ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಐಫೋನಿನ ಮುಂಭಾಗದಲ್ಲೂ ಒಂದು 3ಡಿ ಕಣ್ಣಿದೆ. 2017ರ ಐಫೋನ್ ಟೆನ್‌ನಿಂದ ಫೇಸ್ ಐಡಿಗಾಗಿ ಬಂದ ಟ್ರೂಡೆಪ್ತ್ ಕ್ಯಾಮೆರಾ 30,000ಕ್ಕೂ ಹೆಚ್ಚು ಇನ್‌ಫ್ರಾರೆಡ್ ಚುಕ್ಕಿಗಳ ವಿನ್ಯಾಸವನ್ನು ಚೆಲ್ಲಿ, ಅದು ಎಷ್ಟು ಡೊಂಕಾಯಿತು ಎಂದು ನೋಡಿ ಆಕಾರ ತಿಳಿಯುತ್ತದೆ. ಮುಖ, ಪಾದ, ತೆಂಗಿನಕಾಯಿ ಗಾತ್ರದ ವಸ್ತುಗಳಿಗೆ ಹಿಂದಿನ ಲಿಡಾರ್‌ಗಿಂತ ಇದು ಎಷ್ಟೋ ಮೇಲು. ಆದರೆ ಸ್ಕ್ಯಾನ್ ಮಾಡುವಾಗ ಪರದೆ ವಸ್ತುವಿನ ಕಡೆ ತಿರುಗಿರುವುದರಿಂದ ನಿಮಗೆ ಏನೂ ಕಾಣದು. ಪರದೆಯನ್ನು ಇನ್ನೊಂದು ಸಾಧನಕ್ಕೆ ಮಿರರ್ ಮಾಡಿಕೊಳ್ಳಬೇಕು.

ಆಂಡ್ರಾಯ್ಡ್: ಜಾಹೀರಾತಿನ ಪದ ನೋಡಿ ಕೊಳ್ಳಬೇಡಿ

ಫೋನಿಗೆ ಜಾಗದ ಅರಿವು ಕೊಡುವ ಕೆಲಸದಲ್ಲಿ ಗೂಗಲ್ ಆಪಲ್‌ಗಿಂತ ಮುಂದಿತ್ತು. 2014ರಲ್ಲಿ ಪ್ರಕಟವಾದ ಟ್ಯಾಂಗೋ ಯೋಜನೆಯಲ್ಲಿ ಆಳದ ಸೆನ್ಸರ್, ಮೀನುಗಣ್ಣಿನ ಕ್ಯಾಮೆರಾ, ಕಂಡ ಜಾಗವನ್ನು ನೆನಪಿಡುವ ತಂತ್ರಾಂಶ ಎಲ್ಲವೂ ಇದ್ದವು. ಅದನ್ನು ಹೊತ್ತು ಮಾರುಕಟ್ಟೆಗೆ ಬಂದದ್ದು ಎರಡೇ ಫೋನ್: 2016ರ ಲೆನೊವೊ ಫ್ಯಾಬ್ 2 ಪ್ರೊ, 2017ರ ಅಸೂಸ್ ಝೆನ್‌ಫೋನ್ ಎಆರ್. 2018ರ ಮಾರ್ಚ್ 1ಕ್ಕೆ ಗೂಗಲ್ ಟ್ಯಾಂಗೋ ನಿಲ್ಲಿಸಿ, ವಿಶೇಷ ಸೆನ್ಸರ್ ಬೇಡದ, ಕ್ಯಾಮೆರಾದಿಂದಲೇ ಜಾಗ ಅರಿಯುವ ಎಆರ್‌ಕೋರ್ ಎಂಬ ತಂತ್ರಾಂಶದ ಕಡೆ ಹೊರಳಿತು. ಆ ಫೋನುಗಳು ಈಗ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಸೆನ್ಸರ್ ಜೀವಂತ ಇದ್ದರೂ ಅದನ್ನು ಕೇಳುವ ತಂತ್ರಾಂಶವಿಲ್ಲ.

ಟಿಒಎಫ್ (ಟೈಮ್ ಆಫ್ ಫ್ಲೈಟ್) ಸೆನ್ಸರ್ ಎಂಬ ಹೆಸರಿನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 10 ಪ್ಲಸ್, ಎಸ್20 ಪ್ಲಸ್, ಎಸ್20 ಅಲ್ಟ್ರಾಗಳಲ್ಲಿ, ಹುವಾವೇ ಪಿ30 ಪ್ರೊದಲ್ಲಿ ಆಳ ಅಳೆಯುವ ಕ್ಯಾಮೆರಾ ಇತ್ತು. ಸ್ಯಾಮ್‌ಸಂಗ್ ಮುಂದಿನ ಎಸ್21ರಿಂದ ಅದನ್ನು ಕೈಬಿಟ್ಟಿತು. ಇಂದಿನ ಫೋನಿನ ವಿವರಪಟ್ಟಿಯಲ್ಲಿ 'ಲೇಸರ್ ಆಟೋಫೋಕಸ್' ಎಂದಿದ್ದರೆ ಅದು ಫೋಕಸ್ ಮಾಡಲು ದೂರ ಕೇಳುವ ಸಣ್ಣ ಸೆನ್ಸರ್, ಕೋಣೆಯನ್ನು ಅಳೆಯುವುದಿಲ್ಲ. 2 ಮೆಗಾಪಿಕ್ಸೆಲ್‌ನ 'ಡೆಪ್ತ್ ಕ್ಯಾಮೆರಾ' ಎಂದಿದ್ದರೆ ಅದು ಭಾವಚಿತ್ರದ ಹಿನ್ನೆಲೆ ಮಸುಕು ಮಾಡಲಿಕ್ಕೆ. ಎರಡಕ್ಕೂ ಒಂದು ರೂಪಾಯಿ ಹೆಚ್ಚು ಕೊಡುವ ಅಗತ್ಯವಿಲ್ಲ.

ಆಂಡ್ರಾಯ್ಡ್‌ನಲ್ಲಿ ನೋಡಬೇಕಾದದ್ದು ಎಆರ್‌ಕೋರ್ ಬೆಂಬಲಿತ ಸಾಧನಗಳ ಗೂಗಲ್ ಪಟ್ಟಿಯಲ್ಲಿ ನಿಮ್ಮ ಮಾದರಿ ಇದೆಯೇ, ಅದರ ಮುಂದೆ ಡೆಪ್ತ್ ಎಪಿಐ ಬೆಂಬಲ ಎಂದು ಬರೆದಿದೆಯೇ ಎಂಬುದನ್ನು. 2020ರಿಂದ ಇರುವ ಈ ಸೌಲಭ್ಯ ಒಂದೇ ಕ್ಯಾಮೆರಾದ ಚಲನೆಯಿಂದ ಆಳ ಕೊಡುತ್ತದೆ. ಅರ್ಧ ಮೀಟರಿನಿಂದ 5 ಮೀಟರ್‌ವರೆಗೆ ಇದರ ಫಲ ಚೆನ್ನಾಗಿರುತ್ತದೆ. ಆಮೇಲೆ ತಪ್ಪು ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ, ದೂರ ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟು. ಸೋಫಾ ಇಲ್ಲಿ ಹಿಡಿಸುತ್ತದೆಯೇ ಎಂದು ನೋಡಲು ಸಾಕು, ನಕ್ಷೆ ಬರೆಯಲು ಸಾಲದು. ಆಂಡ್ರಾಯ್ಡ್ ಫೋನಿನ ನಿಜವಾದ ಬಲ ಇರುವುದು ಅದರ ಒಳ್ಳೆಯ ಕ್ಯಾಮೆರಾದಲ್ಲಿ.

ಕೆತ್ತನೆ, ವೀರಗಲ್ಲು, ಶಾಸನ: ಫೋಟೋಗ್ರಾಮೆಟ್ರಿಯ ರಾಜ್ಯ

12 ಮೆಗಾಪಿಕ್ಸೆಲ್ ಫೋಟೋದಲ್ಲಿ ಅಗಲಕ್ಕೆ 4032 ಪಿಕ್ಸೆಲ್ ಇರುತ್ತವೆ. ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾ 60 ಸೆಂ.ಮೀ. ದೂರದಿಂದ ಸುಮಾರು 80 ಸೆಂ.ಮೀ. ಅಗಲ ನೋಡುತ್ತದೆ, ಅಂದರೆ ಕಲ್ಲಿನ ಮೇಲೆ ಒಂದು ಪಿಕ್ಸೆಲ್ 0.2 ಮಿ.ಮೀ. ಲಿಡಾರ್‌ನ ನಾಲ್ಕು ಬೆರಳಗಲದ ಚುಕ್ಕಿಗಳ ಎದುರು ಇದನ್ನಿಟ್ಟು ನೋಡಿ. ಹಳೇಬೀಡಿನ ಬಳಪದ ಕಲ್ಲಿನ ಕುಸುರಿಯನ್ನು ಲಕ್ಷ ರೂಪಾಯಿಯ ಲಿಡಾರ್ ಫೋನ್ ಮೇಣ ಕರಗಿದಂತೆ ತೋರಿಸಿದರೆ, ಹದಿನೈದು ಸಾವಿರದ ಫೋನಿನ ಎಪ್ಪತ್ತು ಫೋಟೋಗಳು ಹಾರದ ಮಣಿಗಳನ್ನು ಬಿಡಿಬಿಡಿಯಾಗಿ ಕೊಡಬಲ್ಲವು.

ಸುತ್ತು ಹಾಕಬಹುದಾದ ವಸ್ತುವಾದರೆ ಮೂರು ಸುತ್ತು ತೆಗೆಯಿರಿ: ಸೊಂಟದ ಎತ್ತರದಲ್ಲಿ ಒಂದು, ಕೂತು ಮೇಲಕ್ಕೆ ನೋಡುವಂತೆ ಒಂದು, ಕೈ ಎತ್ತಿ ಕೆಳಕ್ಕೆ ನೋಡುವಂತೆ ಒಂದು. ಪ್ರತಿ 15 ಡಿಗ್ರಿಗೊಂದು ಫೋಟೋ, ಸುತ್ತಿಗೆ 24, ಒಟ್ಟು 72. ಗೋಡೆಗೆ ಸೇರಿದ ಶಾಸನವಾದರೆ 60 ಸೆಂ.ಮೀ. ದೂರ ಕಾಯ್ದುಕೊಂಡು, ಸುಮಾರು ಒಂದು ಗೇಣು ಪಕ್ಕಕ್ಕೆ ಸರಿದು ಒಂದೊಂದು ಫೋಟೋ. ಪಕ್ಕದ ಫೋಟೋಗಳು 70 ಪ್ರತಿಶತ ಒಂದರ ಮೇಲೊಂದು ಬರಬೇಕು. ಎಕ್ಸ್‌ಪೋಶರ್ ಮತ್ತು ಫೋಕಸ್ ಲಾಕ್ ಮಾಡಿ, ಫ್ಲ್ಯಾಶ್ ಬೇಡ, ಜೂಮ್ ಬೇಡ, ನಡುವೆ ಲೆನ್ಸ್ ಬದಲಿಸಬೇಡಿ. ಮೋಡ ಕವಿದ ಹಗಲು ಎಲ್ಲಕ್ಕಿಂತ ಒಳ್ಳೆಯದು. ಕಡು ಬಿಸಿಲಿನ ನೆರಳು ಮಾದರಿಯ ಬಣ್ಣದಲ್ಲಿ ಅಂಟಿಕೊಂಡರೆ ಹೋಗುವುದಿಲ್ಲ. ಕಲ್ಲಿನ ಬುಡದ ಹುಲ್ಲು ಗಾಳಿಗೆ ಅಲುಗಾಡಿದರೆ ಆ ಭಾಗ ಕಲಸಿಹೋಗುತ್ತದೆ. ಕಡೆದು ನುಣುಪು ಮಾಡಿದ ಹೊಯ್ಸಳ ಕಂಬಗಳ ಹೊಳಪು ನೀವು ಸರಿದಂತೆ ತಾನೂ ಸರಿಯುವುದರಿಂದ ತಂತ್ರಾಂಶ ಅದನ್ನೇ ಗುರುತೆಂದು ನಂಬಿ ಮೋಸಹೋಗುತ್ತದೆ, ಅಲ್ಲಿ ಫಲಿತಾಂಶ ಗುಳಿಗುಳಿಯಾಗಿ ಬರುತ್ತದೆ.

ಫೋಟೋಗಳಿಗೆ ಗಾತ್ರ ಗೊತ್ತಿರುವುದಿಲ್ಲ. ಗೊತ್ತಿರುವ ಅಳತೆಯೊಂದನ್ನು ಚಿತ್ರದಲ್ಲಿ ಸೇರಿಸಲೇಬೇಕು. ಇಲ್ಲಿ 15 ಸೆಂ.ಮೀ. ಸ್ಕೇಲು ಇಟ್ಟು ಸುಮ್ಮನಾಗುವವರೇ ಹೆಚ್ಚು. ಅದನ್ನು ಗುರುತಿಸುವಾಗ 1 ಮಿ.ಮೀ. ತಪ್ಪಿದರೆ 2 ಮೀಟರಿನ ವೀರಗಲ್ಲಿನಲ್ಲಿ 13 ಮಿ.ಮೀ. ತಪ್ಪಾಗುತ್ತದೆ. 1 ಮೀಟರ್ ಉದ್ದದ ಉಕ್ಕಿನ ಸ್ಕೇಲಾದರೆ ಅದೇ ತಪ್ಪು 2 ಮಿ.ಮೀ.ಗೆ ಇಳಿಯುತ್ತದೆ. ಕಲ್ಲಿಗೆ ಏನನ್ನೂ ಅಂಟಿಸಬೇಡಿ, ಸೀಮೆಸುಣ್ಣ ಹಚ್ಚಬೇಡಿ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು.

ಫೋನಿನಲ್ಲೇ ತೆಗೆದು ಮಾದರಿ ಪಡೆಯಲು ರಿಯಾಲಿಟಿಸ್ಕ್ಯಾನ್, ಪಾಲಿಕ್ಯಾಮ್, ಕಿರಿ ಎಂಜಿನ್ ಇವೆ. ಫೋಟೋಗಳನ್ನು ದೂರದ ಸರ್ವರ್‌ಗೆ ಕಳುಹಿಸಿ ಸಂಸ್ಕರಿಸುವ ಆ್ಯಪ್ ಆದರೆ ಊರಿನ ನೆಟ್‌ವರ್ಕ್ ನೋಡಿಕೊಳ್ಳಿ, ಮನೆಯೊಳಗಿನ ಚಿತ್ರಗಳಾದರೆ ಮನೆಯವರ ಒಪ್ಪಿಗೆ ಪಡೆಯಿರಿ. ಕಂಪ್ಯೂಟರ್‌ನಲ್ಲಿ ಮಾಡುವವರಿಗೆ ಮೆಶ್‌ರೂಮ್ ಉಚಿತ, ಆದರೆ ಪೂರ್ಣ ಫಲಕ್ಕೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಈಚೆಗೆ ಬಹಳ ಆ್ಯಪ್‌ಗಳು ಗಾಸಿಯನ್ ಸ್ಪ್ಲಾಟ್ ಎಂಬ ಬಗೆಯ ದೃಶ್ಯ ಕೊಡುತ್ತಿವೆ. ನೋಡಲು ಕಣ್ಣಿಗೆ ಹಬ್ಬ. ಆದರೆ ಅದು ಬಣ್ಣದ ಮಂಜಿನ ಹನಿಗಳ ರಾಶಿ, ಟೇಪು ಇಡಲು ಅದಕ್ಕೆ ಮೇಲ್ಮೈ ಇಲ್ಲ. ಅಳತೆ ಬೇಕಾದವರು ಮೆಶ್ ಅನ್ನೇ, ಅಂದರೆ ಬಲೆಯಂತೆ ಹೆಣೆದ ಮೇಲ್ಮೈಯಿರುವ ಮಾದರಿಯನ್ನೇ ಆರಿಸಬೇಕು.

ಬೆಂಗಳೂರಿನ ಇತಿಹಾಸ ಅಧ್ಯಯನ ಸಂಸ್ಥೆ ಮಿಥಿಕ್ ಸೊಸೈಟಿ ಸುತ್ತಲಿನ ಶಿಲಾಶಾಸನಗಳನ್ನು 3ಡಿಯಲ್ಲಿ ದಾಖಲಿಸುತ್ತಾ ಬಂದಿರುವುದರ ಹಿಂದಿನ ತರ್ಕವೂ ಸೂಕ್ಷ್ಮತೆಯದೇ. ಮಾದರಿಯ ಬಣ್ಣ ತೆಗೆದುಹಾಕಿ, ಕಂಪ್ಯೂಟರ್‌ನೊಳಗೆ ಬೆಳಕನ್ನು ಬೇಕಾದ ಬದಿಯಿಂದ ಓರೆಯಾಗಿ ಬೀಳಿಸಿದರೆ ಬರಿಗಣ್ಣಿಗೆ ಕಾಣದ ಅಕ್ಷರ ಎದ್ದು ನಿಲ್ಲುತ್ತದೆ. ಕಾಗದದ ಪಡಿಯಚ್ಚು ಮಾಡುತ್ತಿದ್ದ ಕೆಲಸವನ್ನು ಕಲ್ಲು ಮುಟ್ಟದೆ ಮಾಡುವ ದಾರಿ ಇದು.

ಕೈಯಲ್ಲಿ ಹಿಡಿದು ನಡೆಯುವ ಲೇಸರ್ ಸ್ಕ್ಯಾನರ್

ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ಸಂಶೋಧಕರು ಲೇಸರ್ ಸ್ಕ್ಯಾನರ್ ಒಂದನ್ನು ಸ್ಪ್ರಿಂಗ್ ಮೇಲೆ ಕೂರಿಸಿ, ನಡೆಯುವಾಗಿನ ಓಲಾಟದಿಂದಲೇ ಸುತ್ತಲೂ ನೋಡುವಂತೆ ಮಾಡಿದರು. ಆ ತಂತ್ರದಿಂದ ಜಿಯೋಸ್ಲ್ಯಾಮ್ ಕಂಪನಿಯ ಝೆಬ್ ಸರಣಿ ಹುಟ್ಟಿತು. ಆ ಸರಣಿಯ ಝೆಬ್ ಹೊರೈಝನ್ ಸೆಕೆಂಡಿಗೆ 3 ಲಕ್ಷ ಬಿಂದು, 100 ಮೀಟರ್ ವ್ಯಾಪ್ತಿ ಕೊಡುತ್ತದೆ. 2019ರಲ್ಲಿ ಪ್ರಕಟವಾದ ಲೈಕಾ ಬಿಎಲ್‌ಕೆ2ಗೋ ಸೆಕೆಂಡಿಗೆ 4.2 ಲಕ್ಷ ಬಿಂದು, 25 ಮೀಟರ್ ವ್ಯಾಪ್ತಿಯದು, ಹಗುರ, ಒಂದು ಬ್ಯಾಟರಿಗೆ ಮುಕ್ಕಾಲು ಗಂಟೆ. ಕಟ್ಟಡದೊಳಗಿನ ಕೆಲಸಕ್ಕೆ ಎರಡನೆಯದು ಹಿತ, ಕಾರ್ಖಾನೆಯ ಶೆಡ್, ಗಣಿ, ತೋಟದಂಥ ವಿಶಾಲ ಜಾಗಕ್ಕೆ ಮೊದಲನೆಯದು. ಜಿಪಿಎಸ್ ಇಲ್ಲದೆಡೆಯೂ ಎರಡೂ ನಡೆಯುತ್ತವೆ.

ಬೆಲೆ ಹತ್ತಾರು ಲಕ್ಷ. ವರ್ಷಕ್ಕೆ ಒಂದೆರಡು ಕಟ್ಟಡ ಅಳೆಯುವವರು ಕೊಳ್ಳುವುದರಲ್ಲಿ ಅರ್ಥವಿಲ್ಲ, ಸ್ಕ್ಯಾನರ್ ಇರುವ ಸರ್ವೆಯವರಿಗೆ ಕೆಲಸ ಒಪ್ಪಿಸಿ. ಒಪ್ಪಿಸುವಾಗ ಪಾಯಿಂಟ್ ಕ್ಲೌಡ್ (ಅಳೆದ ಬಿಂದುಗಳ ರಾಶಿ) ಅನ್ನು ಇ57 ಅಥವಾ ಲಾಸ್ ಕಡತದ ರೂಪದಲ್ಲಿ ಕೊಡಬೇಕು, ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರದಿಂದ ಅಳೆದ ಕನಿಷ್ಠ ನಾಲ್ಕು ಗುರುತುಗಳಿಗೆ ಹೋಲಿಸಿದ ವರದಿ ಬೇಕು ಎಂದು ಮೊದಲೇ ಬರೆಸಿಕೊಳ್ಳಿ. ಸೆಂಟಿಮೀಟರ್ ಲೆಕ್ಕದ ನಿಖರತೆ ನಿರೀಕ್ಷಿಸಿ. ಅದಕ್ಕಿಂತ ಬಿಗಿ ಬೇಕಾದರೆ ಟ್ರೈಪಾಡ್ ಮೇಲೆ ನಿಲ್ಲುವ ಸ್ಕ್ಯಾನರ್ ತರಿಸಬೇಕು.

ತಲೆಗೆ ಹಾಕುವ ಮೆಟಾ ಕ್ವೆಸ್ಟ್ 3, ಆಪಲ್ ವಿಷನ್ ಪ್ರೊಗಳೂ ಕೋಣೆಯನ್ನು ಅರಿಯುತ್ತವೆ, ಆದರೆ ತಮ್ಮ ಬಳಕೆಗಾಗಿ. ಅಳತೆಗೆಂದು ಅವನ್ನು ಕೊಳ್ಳಬೇಡಿ.

ಸ್ಕ್ಯಾನಿಗೆ ಮುಂಚೆ, ಸ್ಕ್ಯಾನ್ ಮಾಡುವಾಗ

ಫ್ಯಾನ್ ನಿಲ್ಲಿಸಿ. ಒಳಬಾಗಿಲುಗಳನ್ನೆಲ್ಲ ತೆರೆದಿಟ್ಟು ಆಮೇಲೆ ಮುಟ್ಟಬೇಡಿ. ಬೀರುವಿನ ಕನ್ನಡಿಗೆ ಬೆಡ್‌ಶೀಟ್ ಹೊದಿಸಿ, ಇಲ್ಲದಿದ್ದರೆ ಗೋಡೆಯಾಚೆ ಇಲ್ಲದ ಕೋಣೆಯೊಂದು ಹುಟ್ಟುತ್ತದೆ. ಅಡುಗೆಮನೆಯ ಕಪ್ಪು ಗ್ರಾನೈಟ್ ಬೆಳಕನ್ನು ನುಂಗುತ್ತದೆ, ಹೊಳೆಯುವ ರೆಡ್ ಆಕ್ಸೈಡ್ ನೆಲ ಅದನ್ನು ಆಚೆಗೆ ಹಾರಿಸುತ್ತದೆ. ಎರಡರಲ್ಲೂ ತೂತು ಬಿದ್ದಂತೆ ಕಂಡರೆ ಫೋನನ್ನು ಇನ್ನಷ್ಟು ನೇರವಾಗಿ ಕೆಳಕ್ಕೆ ಬಾಗಿಸಿ, ಹತ್ತಿರದಿಂದ ತೋರಿಸಿ. ಕಿಟಕಿಯಿಂದ ನೇರ ಬಿಸಿಲು ಬೀಳುವ ಹೊತ್ತನ್ನು ತಪ್ಪಿಸಿ, ಸೂರ್ಯನ ಇನ್‌ಫ್ರಾರೆಡ್ ಮುಂದೆ ಫೋನಿನ ಮಿಣುಕು ಕಾಣದಾಗುತ್ತದೆ. ಖಾಲಿ ಬಿಳಿ ಗೋಡೆಯ ಓಣಿಯಿದ್ದರೆ ಅಲ್ಲಲ್ಲಿ ವೃತ್ತಪತ್ರಿಕೆಯ ಹಾಳೆ ಅಂಟಿಸಿ. ಎಲ್ಲ ಹಾಳೆಗಳ ಮುಖ ಬೇರೆಬೇರೆ ಇರಲಿ.

ಗೋಡೆಯಿಂದ ಒಂದರಿಂದ ಎರಡೂವರೆ ಮೀಟರ್ ದೂರದಲ್ಲಿ, ಪಕ್ಕಕ್ಕೆ ಹೆಜ್ಜೆಯಿಡುತ್ತಾ ನಿಧಾನ ನಡೆಯಿರಿ. ಬಾಗಿಲು ದಾಟುವಾಗ ಇನ್ನೂ ನಿಧಾನ, ಎರಡೂ ಕೋಣೆಗಳು ಒಂದೇ ನೋಟದಲ್ಲಿ ಕಾಣುವಂತೆ ಹೊಸ್ತಿಲ ಮೇಲೆ ಒಂದು ಕ್ಷಣ ನಿಲ್ಲಿ. ಡ್ರಿಫ್ಟ್ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಶುರುವಾದ ಮೂಲೆಗೆ ಮರಳಿ ಬಂದು ಮುಗಿಸಿ. ಒಂದೇ ಗೋಡೆಯನ್ನು ಮತ್ತೆ ಮತ್ತೆ ಸವರಬೇಡಿ, ಪ್ರತಿ ಸಲ ಚೂರು ಜರುಗಿ ಗೋಡೆ ಎರಡು ಪದರವಾಗುತ್ತದೆ. ಫೋನ್ ಬಿಸಿಯಾದರೆ ವೇಗ ತಗ್ಗಿಸುತ್ತದೆ, ಆದ್ದರಿಂದ ಕವರ್ ತೆಗೆದಿಡಿ, ಚಾರ್ಜ್ ಮಾಡುತ್ತಾ ಸ್ಕ್ಯಾನ್ ಮಾಡಬೇಡಿ.

ಜಾಗ ಬಿಡುವ ಮುನ್ನ ಮೂರು ಅಳತೆ ಕೈಯಲ್ಲಿ ತೆಗೆಯಿರಿ: ಅತಿ ಉದ್ದದ ಗೋಡೆ, ಬಾಗಿಲ ಎತ್ತರ, ಕೋಣೆಯ ಎರಡೂ ಕರ್ಣ. 10×12 ಅಡಿಯ ಕೋಣೆ ಸರಿಯಾದ ಮೂಲೆಮಟ್ಟದಲ್ಲಿದ್ದರೆ ಕರ್ಣ 15 ಅಡಿ ಏಳೂವರೆ ಇಂಚಿನ ಹತ್ತಿರ ಬರಬೇಕು, ಎರಡೂ ಒಂದೇ ಇರಬೇಕು. ಹಳೆಯ ಮನೆಗಳಲ್ಲಿ ಹಾಗಿರುವುದು ಅಪರೂಪ. ಕೆಲವು ಆ್ಯಪ್‌ಗಳು ಮೂಲೆಗಳನ್ನು ತಾವಾಗಿಯೇ 90 ಡಿಗ್ರಿಗೆ ತಿದ್ದುವುದರಿಂದ ಆ ಓರೆ ನಕ್ಷೆಯಲ್ಲಿ ಮಾಯವಾಗಿರುತ್ತದೆ. ಸ್ಕ್ಯಾನಿನ ಅಳತೆಗಳೆಲ್ಲ ಒಂದೇ ಪ್ರಮಾಣದಲ್ಲಿ ಹೆಚ್ಚೋ ಕಡಿಮೆಯೋ ಆಗಿದ್ದರೆ ಇಡೀ ಮಾದರಿಯನ್ನು ಆ ಪ್ರಮಾಣದಲ್ಲಿ ಹಿಗ್ಗಿಸಿ ಕುಗ್ಗಿಸಿ ಸರಿಮಾಡಬಹುದು. ಒಂದು ಸರಿ, ಇನ್ನೊಂದು ತಪ್ಪು ಎಂದಿದ್ದರೆ ಅದು ಡ್ರಿಫ್ಟ್, ಮತ್ತೆ ಸ್ಕ್ಯಾನ್ ಮಾಡುವುದೊಂದೇ ದಾರಿ.

ಕಡತ ಯಾರ ಕೈಗೆ ಹೋಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಆರ್ಕಿಟೆಕ್ಟ್‌ಗೆ ಡಿಎಕ್ಸ್‌ಎಫ್ ನಕ್ಷೆ, 3ಡಿ ಪ್ರಿಂಟ್ ಮಾಡುವವರಿಗೆ ಎಸ್‌ಟಿಎಲ್ ಅಥವಾ ಒಬಿಜೆ, ವೆಬ್‌ನಲ್ಲಿ ತೋರಿಸುವವರಿಗೆ ಜಿಎಲ್‌ಬಿ ಬೇಕು. ಎಷ್ಟೋ ಆ್ಯಪ್‌ಗಳ ಉಚಿತ ಆವೃತ್ತಿಯಲ್ಲಿ ಇವುಗಳಲ್ಲಿ ಒಂದೋ ಎರಡೋ ಮಾತ್ರ ಸಿಗುತ್ತವೆ. ಸಿದ್ಧ ಮಾದರಿಯ ಜೊತೆಗೆ ಮೂಲ ಫೋಟೋಗಳನ್ನೂ ಆಳದ ದತ್ತಾಂಶವನ್ನೂ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಅದೇ 72 ಫೋಟೋಗಳಿಂದ ನಾಳಿನ ತಂತ್ರಾಂಶ ಇನ್ನೂ ಚೆನ್ನಾದ ಮಾದರಿ ಕಟ್ಟಬಲ್ಲದು, ಅಷ್ಟರಲ್ಲಿ ಕಲ್ಲು ಇನ್ನಷ್ಟು ಸವೆದಿರಬಹುದು.